ಡೈರಿಯ ಮೂಲೆಯ ಚುಕ್ಕೆಗಳು

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಇಲ್ಲಿ ಬರುವ ಯುವ ವಕೀಲೆಯ ಒಪ್ಪಿಗೆಯೂ ಇದೆ. ಇದೇ ಕಥೆ ಹೊತ್ತು ಆಪ್ತಸಮಾಲೋಚನೆಗೆ ನನ್ನ ಬಳಿ ಬಂದ ವಕೀಲೆ ಇವರೊಬ್ಬರೇ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸನ್ನದು ಪಡೆದು ಎರಡು ವರ್ಷ. ಹೆಸರಾಂತ ಸಿವಿಲ್ ವಕೀಲರೊಬ್ಬರ ಆಫೀಸಿನಲ್ಲಿ ಜೂನಿಯರ್. ಡ್ರಾಫ್ಟಿಂಗ್ ಎಲ್ಲ ಈಕೆಯದು, ವಾದಕ್ಕೆ ನಿಲ್ಲುವವರು ಮಾತ್ರ ಜೊತೆಗಿದ್ದ ಹುಡುಗರು. ಈಕೆ ಪಾಸ್‌ಓವರ್ ಕೇಳಬೇಕು, ಅಂದರೆ ಕೇಸನ್ನು ಸ್ವಲ್ಪ ಹೊತ್ತು ಬಿಟ್ಟು ಕರೆಯಿರಿ ಎನ್ನಬೇಕು, ಮುಂದಿನ ದಿನಾಂಕ ಬರೆದುಕೊಂಡು ಬರಬೇಕು. ಅದನ್ನು ಹೇಗೋ ನುಂಗಿಕೊಂಡಿದ್ದರು. ಸಂಜೆ ಕಕ್ಷಿದಾರರೆಲ್ಲ ಹೋದ ಮೇಲೆ ‘ನೀನು ನನ್ನ ಮಗಳ ಥರ’ ಎನ್ನುತ್ತ ಹೆಗಲ ಮೇಲೆ ಬೀಳುತ್ತಿದ್ದ ಸೀನಿಯರ್ ಕೈಯನ್ನು ನುಂಗಿಕೊಳ್ಳಲು ಆಗಿರಲಿಲ್ಲ.

ಮೊದಲೆರಡು ಭೇಟಿಯಲ್ಲಿ ನಿದ್ದೆ ಬರುತ್ತಿಲ್ಲ ಎನ್ನುವುದಷ್ಟೇ ಮಾತು. ‘ಇದು ನಿಮ್ಮಲ್ಲೇ ಇರುತ್ತೆ ಅಲ್ವಾ ಮೇಡಂ?’ ಎಂದು ನಾಲ್ಕು ಸಲ ಕೇಳಿದ್ದರು. ಬಾರ್ ಅಸೋಸಿಯೇಷನ್ನಿನಲ್ಲಿ ಎಲ್ಲರೂ ಎಲ್ಲರಿಗೂ ಗೊತ್ತು. ಒಬ್ಬ ಸೀನಿಯರ್ ‘ಆ ಹುಡುಗಿ ಸರಿಯಿಲ್ಲ’ ಎಂದರೆ ಇನ್ನೊಂದು ಆಫೀಸಿನ ಬಾಗಿಲು ತೆರೆಯುವುದಿಲ್ಲ ಎಂಬ ಭಯ ಉತ್ಪ್ರೇಕ್ಷೆಯಲ್ಲ.

ಮೂರನೇ ಭೇಟಿ ಮುಗಿಯುವಾಗ, ಮುಂದಿನ ದಿನ ಗೊತ್ತುಮಾಡಲು ತಮ್ಮ ಕೋರ್ಟ್ ಡೈರಿ ತೆಗೆದರು. ಕೇಸ್ ನಂಬರು, ಹಂತ, ಮುಂದಿನ ದಿನಾಂಕ, ಎಲ್ಲ ಅಚ್ಚುಕಟ್ಟು. ಕೆಲವು ಪುಟಗಳ ಮೂಲೆಯಲ್ಲಿ ಮಾತ್ರ ಪೆನ್ಸಿಲಿನ ಚುಕ್ಕೆ.

‘ಇದೇನು?’ ಎಂದೆ.

ಬಹಳ ಹೊತ್ತು ಮಾತಿಲ್ಲ. ‘ಅವತ್ತು ಆಫೀಸಲ್ಲಿ ಒಬ್ಬಳೇ ಉಳಿದಿದ್ದೆ. ಎರಡು ಚುಕ್ಕೆ ಇದ್ರೆ...’ ಅಲ್ಲಿಗೇ ನಿಲ್ಲಿಸಿದರು. ನಾನೂ ಕೆದಕಲಿಲ್ಲ.

ಆಮೇಲೆ ತಾವಾಗಿಯೇ ಹೇಳಿದರು: ‘ನನ್ನನ್ನ ನಾನೇ ಕ್ರಾಸ್ ಮಾಡಿ, ಪಾಟೀಸವಾಲು ಹಾಕಿ ನೋಡಿದೀನಿ ಮೇಡಂ. ಅವತ್ತೇ ಯಾಕೆ ಹೇಳಲಿಲ್ಲ? ಮಾರನೇ ದಿನ ಯಾಕೆ ಹೋದೆ? ರಾತ್ರಿ ಬಂದ ಮೆಸೇಜಿಗೆ ಓಕೆ ಸರ್ ಅಂತ ಯಾಕೆ ಹಾಕಿದೆ? ಪ್ರತಿ ಸಲಾನೂ ಸೋತಿದೀನಿ.’

‘ಆ ಕೇಸಲ್ಲಿ ನಿಮ್ಮ ಪರ ವಕಾಲತ್ತು ಯಾರು ಹಾಕಿದ್ರು?’ ಎಂದು ಕೇಳಿದೆ.

ಆಕೆ ಅತ್ತದ್ದು ಆಗ.

ಕಾನೂನು ಬಲ್ಲವರು ಬೇಗ ದೂರು ಕೊಡುತ್ತಾರೆ ಎಂಬುದು ಹೊರಗಿನವರ ನಂಬಿಕೆ. ನಾನು ಕಂಡದ್ದು ಬೇರೆ. ಎದುರು ಪಕ್ಷ ಏನೇನು ಕೇಳಬಹುದೆಂದು ಇವರಿಗೆ ಮೊದಲೇ ಗೊತ್ತು. ದೂರು ಬರೆಯುವ ಮುಂಚೆಯೇ ತೀರ್ಪು ಬರೆದುಕೊಂಡು ಕೂತಿರುತ್ತಾರೆ.

ನಾನು ಹೇಳಿದ್ದು ಇಷ್ಟು. ದೂರು ಕೊಡಬೇಕೋ ಬೇಡವೋ ಎಂದು ಇವತ್ತೇ ತೀರ್ಮಾನಿಸಬೇಡಿ. ಆದರೆ ಇವತ್ತು ರಾತ್ರಿಯೇ ಚುಕ್ಕೆಗಳ ಪಕ್ಕ ಸಮಯ, ಸ್ಥಳ, ಆಡಿದ ಮಾತು ಇದ್ದದ್ದು ಇದ್ದಂತೆ ಬರೆಯಿರಿ. ಮೆಸೇಜುಗಳನ್ನು ಅಳಿಸಬೇಡಿ, ಅವುಗಳ ಪ್ರತಿಯನ್ನು ಇನ್ನೊಂದು ಕಡೆಯೂ ಇಡಿ. ನಂಬುವ ಒಬ್ಬರಿಗಾದರೂ ಹೇಳಿ.

ಗಡುವನ್ನೂ ಹೇಳಿದೆ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಪ್ರಕಾರ ಕೊನೆಯ ಘಟನೆಯಿಂದ 3 ತಿಂಗಳೊಳಗೆ ದೂರು ಕೊಡಬೇಕು. ತಡವಾಗಲು ಕಾರಣವಿದ್ದರೆ ದೂರು ವಿಚಾರಿಸುವ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಹತ್ತು ಜನರಿಲ್ಲದ ಕಚೇರಿಯಾದರೆ, ಅಥವಾ ದೂರು ಮಾಲೀಕನ ಮೇಲೆಯೇ ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿ ಇದೆ. ‘ಜೂನಿಯರ್ ಅಂದ್ರೆ ನೌಕರಳೇ ಅಲ್ಲ ಅಂತಾರೆ’ ಎಂದರು. ಆ ವಾದ ಬರುತ್ತದೆ, ನಿಜ. ಆದರೆ ಸಂಬಳವಿಲ್ಲದೆ ಕೆಲಸ ಮಾಡುವವರನ್ನೂ ತರಬೇತಿಯಲ್ಲಿರುವವರನ್ನೂ ಆ ಕಾಯ್ದೆ ನೌಕರರೆಂದೇ ಕರೆಯುತ್ತದೆ. ಅದೂ ಆಗದಿದ್ದರೆ 1961ರ ವಕೀಲರ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ವಕೀಲರ ಪರಿಷತ್ತಿಗೆ ದುರ್ವರ್ತನೆಯ ದೂರು ಕೊಡಬಹುದು. ಪೊಲೀಸರ ದಾರಿ ಬೇರೆಯೇ ಇದೆ.

ಆಕೆ ಯಾವುದನ್ನೂ ಹಿಡಿಯಲಿಲ್ಲ. ಆರನೇ ವಾರ ಬೇರೆ ಆಫೀಸು ಸೇರಿದರು. ಗಡುವಿಗೆ ಹತ್ತು ದಿನ ಇರುವಾಗ ಒಮ್ಮೆ ನೆನಪಿಸಿದೆ, ‘ಬೇಡ’ ಎಂದರು. ಮತ್ತೆ ಕೇಳಲಿಲ್ಲ.

ಗೆಳತಿಯೊಬ್ಬಳು, ಮಹಿಳಾ ಸಂಘಟನೆಯಲ್ಲಿ ಇರುವವಳು, ‘ನೀನು ಒತ್ತಾಯ ಮಾಡಬೇಕಿತ್ತು, ಅವನಿಗೆ ಧೈರ್ಯ ಬಂತು’ ಎಂದು ಬೈದಳು. ಆ ಮಾತು ಇನ್ನೂ ಚುಚ್ಚುತ್ತದೆ. ಆದರೂ ನನ್ನ ನಿಲುವು ಬದಲಾಗಿಲ್ಲ. ಒಬ್ಬರು ತನ್ನ ಮೈಮೇಲೆ ಅಧಿಕಾರ ನಡೆಸಿದರು ಎಂದು ಬಂದವಳ ಮನಸ್ಸಿನ ಮೇಲೆ ನಾನು ಅಧಿಕಾರ ನಡೆಸಲಾರೆ. ಅವಳ ನಿರ್ಧಾರಕ್ಕೆ ಬಿಟ್ಟಿದ್ದೇನೆಂದು ಹೇಳಿ ಗಡುವನ್ನು ತಿಳಿಸದೆ ಇದ್ದಿದ್ದರೆ ಮಾತ್ರ ಅದು ನನ್ನ ತಪ್ಪು.

ಹೋದ ತಿಂಗಳು ಆಕೆ ಫೋನ್ ಮಾಡಿದ್ದರು. ಹಳೆಯ ಆಫೀಸಿಗೆ ಹೊಸ ಜೂನಿಯರ್ ಹುಡುಗಿ ಸೇರಿದ್ದಾಳಂತೆ. ‘ನನ್ನ ಗಡುವು ಮುಗಿದಿದೆ. ಆದ್ರೆ ಅವಳು ದೂರು ಕೊಟ್ರೆ ನಾನು ಸಾಕ್ಷಿ ಹೇಳಬಹುದಲ್ವಾ ಮೇಡಂ?’

ಹೇಳಬಹುದು ಎಂದೆ. ಡೈರಿ ಇನ್ನೂ ಇದೆಯೇ ಎಂದು ಕೇಳಿದೆ.

‘ಇದೆ’ ಎಂದರು. ‘ಎಲ್ಲಾ ಪೆನ್ನಲ್ಲಿ ಬರೆದಿಟ್ಟಿದೀನಿ.’