ಎಲ್ಲಿಯೂ ನಿಲ್ಲದೆ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿಯನ್ನು ಸುತ್ತುವುದು ಅಷ್ಟು ದೊಡ್ಡ ಸಾಧನೆಯೇ?

ಖಂಡಿತವಾಗಿಯೂ ಹೌದು. ಇದನ್ನು ಮೊತ್ತಮೊದಲು ಮಾಡಿ ತೋರಿಸಿದ ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್ ಅವರ ಪ್ರಯಾಣವನ್ನು ಗಮನಿಸಿದರೆ ಅದರ ಕಷ್ಟ ಅರಿವಾಗುತ್ತದೆ. 1968ರ ಜೂನ್ 14ರಂದು ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಹೊರಟ ಅವರು ಗುಡ್ ಹೋಪ್ ಭೂಶಿರ, ಆಸ್ಟ್ರೇಲಿಯಾದ ದಕ್ಷಿಣದ ಕಡಲು ಮತ್ತು ಹಾರ್ನ್ ಭೂಶಿರವನ್ನು ದಾಟಿ, 1969ರ ಏಪ್ರಿಲ್ 22ರಂದು ಅಲ್ಲಿಗೇ ಮರಳಿದರು. ಅವರ ದೋಣಿ ‘ಸುಹೈಲಿ’ ಮುಂಬಯಿಯಲ್ಲಿ ತೇಗದ ಮರದಿಂದ ಕಟ್ಟಿದ್ದು. ಅದರ ಉದ್ದ ಕೇವಲ 32 ಅಡಿ.

ನನಗೆ ಎಲ್ಲಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಅವರು ದೋಣಿಯನ್ನು ಉಳಿಸಿಕೊಂಡ ರೀತಿ. ಅಟ್ಲಾಂಟಿಕ್ ಸಾಗರದಲ್ಲಿರುವಾಗಲೇ ತಳಭಾಗದ ಹಲಗೆಗಳ ಸಂದಿನಿಂದ ನೀರು ಒಳನುಗ್ಗತೊಡಗಿತು. ಅವರು ಶಾರ್ಕ್‌ಗಳ ಕಣ್ಣಿಗೆ ಮೈಯ ಬಿಳುಪು ಬೀಳದಿರಲೆಂದು ಕಪ್ಪು ಬಟ್ಟೆ ತೊಟ್ಟು, ಉಸಿರು ಬಿಗಿಹಿಡಿದು ಮತ್ತೆ ಮತ್ತೆ ಮುಳುಗಿ, ಹತ್ತಿಯ ಎಳೆಗಳನ್ನು ಹೊಲಿದ ಕ್ಯಾನ್ವಾಸ್ ಪಟ್ಟಿಯನ್ನು ಆ ಸಂದಿಗೆ ಮೊಳೆ ಹೊಡೆದು ಕೂರಿಸಿದರು. ನೆರವಿಗೆ ಕರೆಯಲು ಸುತ್ತ ಯಾರೂ ಇರಲಿಲ್ಲ. ಮುಂದೆ ರೇಡಿಯೊ ಕೆಟ್ಟಿತು, ತೊಟ್ಟಿಯ ಕುಡಿಯುವ ನೀರು ಹಾಳಾಯಿತು, ಚುಕ್ಕಾಣಿಯನ್ನು ತಾನಾಗಿಯೇ ನಡೆಸುವ ಸಾಧನವೂ ಮುರಿಯಿತು. ಆದರೂ ಅವರು ಹಿಂದಿರುಗುವ ಯೋಚನೆಗೆ ಮಣಿಯಲಿಲ್ಲ.

ಅವರ ಈ ಪ್ರಯಾಣ, ಒಬ್ಬರೇ ನಿಲ್ಲದೆ ಭೂಮಿ ಸುತ್ತುವ ‘ಗೋಲ್ಡನ್ ಗ್ಲೋಬ್’ ಎಂಬ ಸ್ಪರ್ಧೆಯ ಭಾಗವಾಗಿತ್ತು. ಆ ಸ್ಪರ್ಧೆಗೆ ಹೊರಟ ಒಂಬತ್ತು ಮಂದಿಯಲ್ಲಿ ಪ್ರಯಾಣ ಪೂರೈಸಿದವರು ಅವರೊಬ್ಬರೇ. ಬಂದ 5,000 ಪೌಂಡ್ ಬಹುಮಾನವನ್ನು ಅವರು ಅದೇ ಸ್ಪರ್ಧೆಯಲ್ಲಿ ಕಣ್ಮರೆಯಾದ ಡೊನಾಲ್ಡ್ ಕ್ರೌಹರ್ಸ್ಟ್ ಅವರ ಕುಟುಂಬಕ್ಕೆ ಕೊಟ್ಟದ್ದು, ನನ್ನ ದೃಷ್ಟಿಯಲ್ಲಿ, ಸಾಗರಯಾನದಷ್ಟೇ ಗೌರವಕ್ಕೆ ಅರ್ಹವಾದ ನಡೆ. ಭಾರತೀಯರಲ್ಲಿ ಈ ಸಾಧನೆಯನ್ನು ಮೊದಲು ಮಾಡಿದವರು ನೌಕಾಪಡೆಯ ಅಭಿಲಾಷ್ ಟಾಮಿ. 2012ರ ನವೆಂಬರ್‌ನಲ್ಲಿ ‘ಮಾದೇಯಿ’ ಹಾಯಿದೋಣಿಯಲ್ಲಿ ಮುಂಬಯಿಯಿಂದ ಹೊರಟ ಅವರು ಸುಮಾರು ಐದು ತಿಂಗಳಲ್ಲಿ ಮರಳಿ ಬಂದರು.