ಅಮೆರಿಕದ ಬೇಸ್‌ಬಾಲ್ ಕಾರ್ಡ್ ಅಂಗಡಿಗಳು 90ರ ದಶಕದಲ್ಲಿ ಅಷ್ಟೊಂದು ಮುಚ್ಚಿದ್ದೇಕೆ?

ಆಟಗಾರರ ಚಿತ್ರವಿರುವ, ಜನ ಸಂಗ್ರಹಿಸಿಡುವ ಈ ಕಾರ್ಡ್‌ಗಳು ವಿಪರೀತ ಅಚ್ಚಾದವು, ಅದಕ್ಕೇ. 80ರ ದಶಕದ ಕೊನೆಗೆ ಟಾಪ್ಸ್, ಫ್ಲೀರ್, ಡಾನ್‌ರಸ್, ಅಪ್ಪರ್ ಡೆಕ್ ಕಂಪನಿಗಳು ಪೈಪೋಟಿಗೆ ಬಿದ್ದು ಮುದ್ರಿಸಿದವು. ಸಂಗ್ರಾಹಕರು ಈಗ ಆ ಕಾಲವನ್ನು ‘ಜಂಕ್ ವ್ಯಾಕ್ಸ್’ ಅಂತ ಆಡಿಕೊಳ್ಳುತ್ತಾರೆ. ಆಗಿನ ಬಹಳಷ್ಟು ಪ್ಯಾಕೆಟ್‌ಗಳು ಮೇಣದ (ವ್ಯಾಕ್ಸ್) ಕಾಗದದವು, ಒಳಗಿದ್ದದ್ದು ಕಸ, ಅಷ್ಟೆ.

ಹಳೆಯ ಕಾರ್ಡ್‌ಗೆ ಬೆಲೆ ಬಂದಿದ್ದೇ ಯಾರೂ ಅದನ್ನು ಜೋಪಾನ ಮಾಡದಿದ್ದಕ್ಕೆ. ಹುಡುಗರು ಸದ್ದು ಬರಲಿ ಅಂತ ಸೈಕಲ್ ಕಡ್ಡಿಗೆ ಸಿಕ್ಕಿಸುತ್ತಿದ್ದರು. ಅಮ್ಮಂದಿರು ಗುಡಿಸಿ ಎಸೆಯುತ್ತಿದ್ದರು. 1952ರ ಕಾರ್ಡ್‌ಗಳಲ್ಲಿ ಮಾರಾಟವಾಗದೆ ಉಳಿದವನ್ನು ಟಾಪ್ಸ್‌ನ ಸೈ ಬರ್ಗರ್ ಅವರೇ 1960ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್‌ಗೆ ಸುರಿಸಿಬಿಟ್ಟರು! ಅದೇ ಸರಣಿಯ, ಹೆಸರಾಂತ ಆಟಗಾರ ಮಿಕ್ಕಿ ಮ್ಯಾಂಟಲ್ ಅವರ ಒಂದು ಕಾರ್ಡನ್ನು 1991ರಲ್ಲಿ ನ್ಯೂಯಾರ್ಕಿನ ಮೇಳವೊಂದರಲ್ಲಿ ಒಬ್ಬರು 50,000 ಡಾಲರಿಗೆ ಕೊಂಡರು. 2022ರ ಹರಾಜಿನಲ್ಲಿ ಅದು 1.26 ಕೋಟಿ ಡಾಲರಿಗೆ ಹೋಯಿತು.

ಇಂಥ ಬೆಲೆಗಳ ಸುದ್ದಿ ಓದಿದವರು ಸುಮ್ನೆ ಕೂರುತ್ತಾರಾ? ಮಕ್ಕಳ ಕಾಲೇಜ್ ಫೀಸಿಗಾಗುತ್ತೆ ಅಂತ ಪ್ಯಾಕೆಟ್ ಕೂಡ ಒಡೆಯದೆ ಪೆಟ್ಟಿಗೆಗಟ್ಟಲೆ ಎತ್ತಿಟ್ಟರು. ಎಲ್ಲರೂ ಎತ್ತಿಟ್ಟ ಮೇಲೆ ಅದು ಅಪರೂಪ ಹೇಗಾದೀತು, ಅಲ್ವಾ?

1994ರ ಆಗಸ್ಟ್‌ನಲ್ಲಿ ಆಟಗಾರರ ಮುಷ್ಕರ ಶುರುವಾಗಿ ಆ ವರ್ಷದ ಬೇಸ್‌ಬಾಲ್ ಫೈನಲ್ ಸರಣಿ ‘ವರ್ಲ್ಡ್ ಸೀರೀಸ್’ ಕೂಡ ರದ್ದಾಯಿತು. ಸಿಟ್ಟಾದ ಅಭಿಮಾನಿಗಳು ಅಂಗಡಿ ಕಡೆ ಬರುವುದು ಕಡಿಮೆಯಾಯಿತು. ಆಮೇಲೆ ಇಂಟರ್ನೆಟ್‌ನಲ್ಲಿ ಹರಾಜು ನಡೆಸುವ ಇಬೇ ಬಂತು. ಗಾಜಿನ ಪೆಟ್ಟಿಗೆಯ ಹಿಂದೆ ನಿಂತು ಬೆಲೆಪಟ್ಟಿ ತೋರಿಸುತ್ತಿದ್ದ ಅಂಗಡಿಯವರ ಮಾತಿಗೆ ಬೆಲೆ ಉಳಿಯಲಿಲ್ಲ. ಅದೇ ಕಾರ್ಡ್ ಸಾವಿರಾರು ಜನರ ಬಳಿ ಇರುವುದು ಮನೆಯಲ್ಲೇ ಕೂತು ಕಾಣುತ್ತಿತ್ತು.