ಉಪಗ್ರಹ ಚಿತ್ರಗಳ ನೆರವಿನಿಂದ ವಿಪತ್ತು ನಿರ್ವಹಣೆ: ಏನನ್ನು ಕಲಿಯಬೇಕು?

ಪ್ರಶ್ನೆ: ನಾನು ಭೂಗೋಳಶಾಸ್ತ್ರವನ್ನು ಒಂದು ವಿಷಯವಾಗಿ ತೆಗೆದುಕೊಂಡು ಬಿ.ಎಸ್ಸಿ. ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. 2018ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಯ ಗುಡ್ಡಗಳು ಜರಿದುದನ್ನು ಕಂಡಂದಿನಿಂದ, ಉಪಗ್ರಹ ಚಿತ್ರ ಮತ್ತು ಜಿಐಎಸ್ (ಸ್ಥಳಗಳ ಮಾಹಿತಿಯನ್ನು ನಕ್ಷೆಯ ಮೇಲೆ ಜೋಡಿಸಿ ವಿಶ್ಲೇಷಿಸುವ ಕಂಪ್ಯೂಟರ್ ವ್ಯವಸ್ಥೆ) ಬಳಸಿ ವಿಪತ್ತು ನಿರ್ವಹಣೆಯನ್ನು ಅಭ್ಯಾಸ ಮಾಡಬೇಕೆಂಬ ಆಸೆಯಿದೆ. ಎಂಜಿನಿಯರಿಂಗ್ ಓದದವರಿಗೆ ಇದು ಸಾಧ್ಯವೇ? ಸಾಫ್ಟ್‌ವೇರ್ ಕಲಿತರೆ ಸಾಕೇ?
– ಓದುಗರೊಬ್ಬರು, ಮಡಿಕೇರಿ

ಉತ್ತರ: ಖಂಡಿತ ಸಾಧ್ಯ. ಇಳಿಜಾರು, ಮಣ್ಣು, ನೀರಿನ ಹರಿವುಗಳನ್ನು ಬಲ್ಲ ಭೂಗೋಳದ ವಿದ್ಯಾರ್ಥಿಗೆ ಈ ಕ್ಷೇತ್ರ ಹೊರಗಿನದಲ್ಲ. ಆದರೆ ಸಾಫ್ಟ್‌ವೇರ್ ಮಾತ್ರ ಸಾಲದು. ಉಚಿತವಾಗಿ ಸಿಗುವ ಜಿಐಎಸ್ ಸಾಫ್ಟ್‌ವೇರ್ ಕ್ಯುಜಿಐಎಸ್ ಅನ್ನು ಶ್ರದ್ಧೆಯಿಂದ ಕುಳಿತರೆ ಬೇಗನೆ ಕಲಿಯಬಹುದು. ಚಿತ್ರದಲ್ಲಿ ಕಂಡದ್ದು ಹಾಗೇಕೆ ಕಂಡಿತು ಎಂದು ತಿಳಿಯುವುದಕ್ಕೇ ಹೆಚ್ಚು ಕಾಲ ಬೇಕು.

ಪ್ರವಾಹವನ್ನೇ ನೋಡಿ. ಮಳೆಗಾಲದಲ್ಲಿ ಕೊಡಗಿನ ಮೇಲೆ ಮೋಡ ಕವಿದಿರುವಾಗ ಸಾಮಾನ್ಯ ಕ್ಯಾಮೆರಾದ ಉಪಗ್ರಹಕ್ಕೆ ನೆಲ ಕಾಣುವುದಿಲ್ಲ. ಆಗ ನೆರವಾಗುವುದು, ಮೋಡವನ್ನು ದಾಟುವ ರೇಡಿಯೊ ಅಲೆಗಳನ್ನು ಕಳಿಸಿ, ಮರಳಿ ಬಂದುದರಿಂದ ಚಿತ್ರ ರೂಪಿಸುವ, ಇಸ್ರೋ 2022ರಲ್ಲಿ ಉಡಾಯಿಸಿದ ಇಒಎಸ್-04, ಯುರೋಪಿನ ಸೆಂಟಿನೆಲ್-1ರಂತಹ ರೇಡಾರ್ ಉಪಗ್ರಹಗಳು. ನಿಂತ ನೀರು ರೇಡಾರ್ ಅಲೆಗಳನ್ನು ಕನ್ನಡಿಯಂತೆ ಅತ್ತ ಚಿಮ್ಮಿಸಿಬಿಡುವುದರಿಂದ ಚಿತ್ರದಲ್ಲಿ ಕಪ್ಪಾಗಿ ತೋರುತ್ತದೆ. ಆದರೆ ರೇಡಾರ್‌ಗೆ ಮರೆಯಾದ ಗುಡ್ಡದ ಬದಿಯೂ, ಡಾಂಬರು ರಸ್ತೆಯೂ ಕಪ್ಪಾಗಿಯೇ ತೋರುತ್ತವೆ. ಇವನ್ನೆಲ್ಲ ಪ್ರವಾಹವೆಂದು ಗುರುತಿಸಿದರೆ ರಕ್ಷಣಾ ದೋಣಿ ತಪ್ಪು ಊರಿಗೆ ಹೋಗುತ್ತದೆ. ಇದಕ್ಕಿಂತ ಸೂಕ್ಷ್ಮವಾದುದು ಕಾಫಿ ತೋಟದ ಸ್ಥಿತಿ. ಈ ಎರಡೂ ಉಪಗ್ರಹಗಳ ಸಿ-ಬ್ಯಾಂಡ್ ಎಂಬ ಗಿಡ್ಡ ಅಲೆಗಳು ಬಹುಮಟ್ಟಿಗೆ ನೆರಳು ಮರಗಳ ಮೇಲ್ಛಾವಣಿಯಿಂದಲೇ ಮರಳುವುದರಿಂದ ಕೆಳಗೆ ನಿಂತ ನೀರು ಗೊತ್ತಾಗದೆ ಹೋಗಬಹುದು. 2025ರ ಜುಲೈನಲ್ಲಿ ಉಡಾವಣೆಯಾದ, ನಾಸಾ ಮತ್ತು ಇಸ್ರೋ ಜಂಟಿಯಾಗಿ ರೂಪಿಸಿದ ರೇಡಾರ್ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ಅಲೆಗಳು ಉದ್ದವಾಗಿರುವುದರಿಂದ ಎಲೆಗಳ ನಡುವೆ ಇಳಿದು, ನೀರಿಗೂ ಕಾಂಡಕ್ಕೂ ತಾಗಿ ಹಿಂದಿರುಗುತ್ತವೆ. ಆಗ ಅದೇ ನೀರು ಕಪ್ಪಾಗಿ ಅಲ್ಲ, ಬೆಳ್ಳಗೆ ತೋರುತ್ತದೆ.

ಭೂಕುಸಿತದ ಅಧ್ಯಯನದಲ್ಲಿ ಎಚ್ಚರ ಬೇಕಾದುದು ಅಳತೆಯ ವಿಷಯದಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯು ಭೂಕುಸಿತದ ಸಾಧ್ಯತೆಯ ನಕ್ಷೆಗಳನ್ನು 1:50,000 ಪ್ರಮಾಣದಲ್ಲಿ ಸಿದ್ಧಪಡಿಸಿದೆ, ಅಂದರೆ ನಕ್ಷೆಯ 1 ಸೆಂ.ಮೀ. ನೆಲದ ಮೇಲೆ 500 ಮೀಟರ್. ತಾಲ್ಲೂಕಿನಲ್ಲಿ ಯಾವ ಭಾಗಕ್ಕೆ ಮೊದಲ ಗಮನ ಕೊಡಬೇಕೆಂಬುದನ್ನು ಅದು ಹೇಳೀತು. ಇಂಥ ಮನೆ ಉಳಿದೀತೇ ಎಂಬುದನ್ನು ಅದರಿಂದ ಹೇಳಲಾಗದು. 2024ರ ಜುಲೈ 16ರಂದು ಗುಡ್ಡ ಕುಸಿದ ಅಂಕೋಲಾ ತಾಲ್ಲೂಕಿನ ಶಿರೂರಿನಂತಹ ಕಡೆ ಹೆದ್ದಾರಿಗಾಗಿ ಕಡಿದ ಬರೆಯ ಎತ್ತರವನ್ನೂ ನೀರು ಹೋಗುವ ದಾರಿಯನ್ನೂ ಸ್ಥಳದಲ್ಲೇ ಅಳೆಯಬೇಕಾಗುತ್ತದೆ.

ಓದಿನ ಬಗ್ಗೆ: ಡೆಹ್ರಾಡೂನ್‌ನಲ್ಲಿರುವ ಇಸ್ರೋದ ಭಾರತೀಯ ದೂರಸಂವೇದಿ ಸಂಸ್ಥೆ ಈ ವಿದ್ಯೆಗೆ 1966ರಿಂದಲೂ ಮುಖ್ಯ ಕೇಂದ್ರ. ಅಲ್ಲಿನ ಎಂ.ಟೆಕ್.ಗೆ ಬಿ.ಇ. ಅಥವಾ ಎಂ.ಎಸ್ಸಿ. ಆಗಿರಬೇಕಾದ್ದರಿಂದ ನೀವು ಮೊದಲು ಜಿಯೋಇನ್ಫರ್ಮ್ಯಾಟಿಕ್ಸ್, ಭೂಗೋಳ ಅಥವಾ ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡುವುದು ಒಳ್ಳೆಯದು. ಆ ಸಂಸ್ಥೆಯ ಉಚಿತ ಆನ್‌ಲೈನ್ ಕೋರ್ಸ್‌ಗಳಿಗೆ ಈಗಿನಿಂದಲೇ ಸೇರಬಹುದು. ಮುಂದೆ ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ, ಬೆಂಗಳೂರಿನ ಕರ್ನಾಟಕ ರಾಜ್ಯ ದೂರಸಂವೇದಿ ಅನ್ವಯಿಕ ಕೇಂದ್ರ ಮತ್ತು ಯಲಹಂಕದ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಗಳಲ್ಲಿ ನಡೆಯುವ ಕೆಲಸವನ್ನು ಗಮನಿಸುತ್ತಿರಿ.

ಅದಕ್ಕೂ ಮೊದಲು ನಿಮ್ಮ ಹೋಬಳಿಯದೇ ಒಂದು ನಕ್ಷೆ ಮಾಡಿ ಎಂಬುದು ನನ್ನ ಒತ್ತಾಯ. ರೇಡಾರ್ ಅಲ್ಲದ, ಕ್ಯಾಮೆರಾದ ಉಪಗ್ರಹವಾದ ಸೆಂಟಿನೆಲ್-2ರ 10 ಮೀಟರ್ ಸ್ಪಷ್ಟತೆಯ ಚಿತ್ರಗಳು ಉಚಿತ; 2018ರ ಬೇಸಿಗೆಯದನ್ನೂ ಅದೇ ವರ್ಷ ಮಳೆ ಕಳೆದ ಮೇಲಿನದನ್ನೂ ಹೋಲಿಸಿದರೆ ಹಸಿರು ಕಿತ್ತುಹೋದ ಜಾಗಗಳು ಕಂದು ಪಟ್ಟಿಗಳಾಗಿ ಎದ್ದು ಕಾಣುತ್ತವೆ. ಆ ಪಟ್ಟಿಗಳಲ್ಲಿ ಯಾವುದು ಭೂಕುಸಿತ, ಯಾವುದು ಹೊಸದಾಗಿ ಮಟ್ಟ ಮಾಡಿದ ನಿವೇಶನ ಎಂದು ನಡೆದು ಹೋಗಿ ನೋಡಿ. ತೋಟದವರನ್ನು ಕೇಳಿ, ಕುಸಿಯುವ ಮೊದಲು ಎಲ್ಲಿ ಹೊಸ ಒರತೆ ಎದ್ದಿತ್ತು, ಎಲ್ಲಿ ನೆಲ ಬಿರಿದಿತ್ತು ಎಂದು ಬರೆದುಕೊಳ್ಳಿ. ನಕ್ಷೆಯ ಮೇಲೆ ಹಳ್ಳಕ್ಕೂ ಊರಿಗೂ ಜನ ಕರೆಯುವ ಹೆಸರನ್ನೇ ಹಾಕಿ, ಒಂದು ಪ್ರತಿಯನ್ನು ಗ್ರಾಮ ಪಂಚಾಯಿತಿಗೆ ಕೊಡಿ.